ಮಿದುಳಿನ ಗಡ್ಡೆ ಇರುವವರ ಮನಸ್ಸನ್ನೂ ಕೇಳೋಣ

(ಮಹಿಳಾ ಸ್ವ-ಸಹಾಯ ಸಂಘಗಳ ವಲಯ ಮಟ್ಟದ ಸಭೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕಳೆದ ಸಭೆಯಲ್ಲಿ ರಕ್ತಹೀನತೆಯ ಬಗ್ಗೆ, ಅದಕ್ಕಿಂತ ಮುಂಚೆ ಸ್ತನ ಕ್ಯಾನ್ಸರ್ ಬಗ್ಗೆ ನಿಮಗೆ ಮಾಹಿತಿ ಕೊಟ್ಟಿದ್ದಾರೆ ಅಂತ ಕೇಳಿದೆ. ಇವತ್ತಿನ ವಿಷಯ ಮಿದುಳಿನ ಗಡ್ಡೆ. "ಅದು ಅಪರೂಪದ ಕಾಯಿಲೆ ಅಲ್ವಾ ಮೇಡಂ, ನಮ್ಮ ಸಂಘದವರಿಗೆ ಅದ್ಯಾಕೆ?" ಅಂತ ಒಬ್ಬ ಕಾರ್ಯಕರ್ತೆ ಬೆಳಿಗ್ಗೆ ಕೇಳಿದರು. ಅಪರೂಪದ್ದೇ, ಒಪ್ಪುತ್ತೇನೆ. ಆದರೆ ಬಂದ ಮನೆಯನ್ನು ಅದು ಅಲುಗಾಡಿಸುವ ರೀತಿ ಬೇರೆ. ಆ ಮನೆಯ ಹೆಂಗಸು ವಾರದ ಸಭೆಗೆ ಬರುವುದನ್ನು ಮೊದಲು ನಿಲ್ಲಿಸುತ್ತಾಳೆ. ಆಮೇಲೆ ಉಳಿತಾಯ ನಿಲ್ಲುತ್ತದೆ, ಸಾಲದ ಕಂತು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ನಾವು ಅವಳನ್ನು ನೋಡುವುದು ಬಾಕಿದಾರಳಾಗಿ ಮಾತ್ರ. ಹಾಗಾಗಬಾರದು ಅಂತಲೇ ಈ ವಿಷಯ ಆರಿಸಿಕೊಂಡೆ.

ಗಡ್ಡೆಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಮಿದುಳಿನ ಗಡ್ಡೆ ಅಂದ ಕೂಡಲೇ ಕ್ಯಾನ್ಸರ್ ಅಂತ ತಿಳಿಯಬೇಡಿ. ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾ ಎಂಬ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತವೆ. ಗಂಡಸರಿಗಿಂತ ಹೆಂಗಸರಲ್ಲೇ ಅದು ಜಾಸ್ತಿ. ಗ್ಲಿಯೋಮಾ ಎಂಬ ಇನ್ನೊಂದು ಗುಂಪಿನಲ್ಲಿ ನಿಧಾನದವೂ ಇವೆ, ಬಹಳ ಬೇಗ ಬೆಳೆದು ಪ್ರಾಣಕ್ಕೆ ಅಪಾಯ ತರುವ ಗ್ಲಿಯೋಬ್ಲಾಸ್ಟೋಮಾ ಕೂಡ ಇದೆ. ಸ್ತನದಲ್ಲೋ ಶ್ವಾಸಕೋಶದಲ್ಲೋ ಶುರುವಾದ ಕ್ಯಾನ್ಸರ್ ಮಿದುಳಿಗೆ ಹರಡುವುದೂ ಉಂಟು. ತಲೆನೋವು ಬಂದವರೆಲ್ಲ ಹೆದರಬೇಕಾಗಿಲ್ಲ, ನೂರಾರು ತಲೆನೋವುಗಳಲ್ಲಿ ಬಹುತೇಕ ಎಲ್ಲವೂ ಬೇರೆ ಕಾರಣದ್ದೇ. ಆದರೆ ದೊಡ್ಡವರಾದ ಮೇಲೆ ಮೊದಲ ಸಲ ಫಿಟ್ಸ್ ಬಂದರೆ, ದಿನದಿಂದ ದಿನಕ್ಕೆ ಹೆಚ್ಚಾಗುವ ತಲೆನೋವಿನ ಜೊತೆ ಬೆಳಗಿನ ಹೊತ್ತು ವಾಂತಿ ಆದರೆ, ಒಂದು ಕಡೆ ಕೈಕಾಲು ಸೋತರೆ, ಮಾತು ತೊದಲಿದರೆ, ಕಣ್ಣು ಮಂಜಾದರೆ, ನಾಟಿ ಔಷಧಿ ಅಂತ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ. ಗಡ್ಡೆಯ ಬಗ್ಗೆ ಇಷ್ಟು ಸಾಕು. ನಾನು ಹೇಳಬೇಕಾದ್ದು ಅದರ ನಂತರದ್ದು.

ಆಸ್ಪತ್ರೆಯಲ್ಲಿ ಗಡ್ಡೆಯ ಅಳತೆ ತೆಗೆಯುತ್ತಾರೆ. ಸ್ಕ್ಯಾನಿನಲ್ಲಿ ಇಷ್ಟು ಸೆಂಟಿಮೀಟರ್ ಅಂತ ಬರೆಯುತ್ತಾರೆ. ಬಿ.ಪಿ. ನೋಡುತ್ತಾರೆ, ಜ್ವರ ನೋಡುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಾರೆ. ಆ ಮನುಷ್ಯನ ಮನಸ್ಸಿನಲ್ಲಿ ಎಷ್ಟು ಸಂಕಟ ಇದೆ ಅಂತ ಅಳತೆ ತೆಗೆಯುವವರು ಯಾರು? ಕೆಲವು ಕಡೆ ತೆಗೆಯುತ್ತಾರೆ, ಹಲವು ಕಡೆ ಇಲ್ಲ. ಕೇಳದಿದ್ದರೆ ರೋಗಿ ಹೇಳುವುದಿಲ್ಲ. "ಹೇಗಿದ್ದೀರಿ?" ಅಂದರೆ "ಪರವಾಗಿಲ್ಲ ಡಾಕ್ಟ್ರೇ" ಅಂತಾರೆ. ಆ "ಪರವಾಗಿಲ್ಲ" ಎಂಬ ಮಾತು ನಮಗೆಲ್ಲ ಚೆನ್ನಾಗಿ ಗೊತ್ತು. ನಾವೂ ದಿನಕ್ಕೆ ಹತ್ತು ಸಲ ಹೇಳುವವರೇ.

ಇದಕ್ಕೊಂದು ಸುಲಭ ಉಪಾಯ ಹುಡುಕಿದವರಲ್ಲಿ ಒಬ್ಬ ಹೆಂಗಸಿದ್ದಾರೆ, ಜಿಮ್ಮಿ ಹಾಲೆಂಡ್ ಅಂತ. ಅಮೆರಿಕದ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮನೋವೈದ್ಯೆಯಾಗಿದ್ದರು, 2017ರಲ್ಲಿ ತೀರಿಕೊಂಡರು. ಕ್ಯಾನ್ಸರ್ ಬಂದವರಿಗೆ "ನಿಮಗೆ ಮಾನಸಿಕ ತೊಂದರೆ ಇದೆಯಾ?" ಅಂತ ಕೇಳಿದರೆ "ನಾನೇನು ಹುಚ್ಚನಾ?" ಅಂತ ಸಿಟ್ಟಾಗುತ್ತಾರೆ ಅನ್ನುವುದನ್ನು ಅವರು ಮತ್ತು ಅವರ ಜೊತೆಯವರು ಕಂಡಿದ್ದರು. ನೋವು ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರವರೆಗೆ ಹೇಳಿ ಅಂದರೆ ಮಾತ್ರ ಯಾರೂ ಬೇಜಾರು ಮಾಡಿಕೊಳ್ಳದೆ ಹೇಳ್ತಾರೆ. ಮನಸ್ಸಿನ ಸಂಕಟವನ್ನೂ ಹಾಗೆಯೇ ಕೇಳಿದರೆ ಏನು ಅಂತ ಯೋಚಿಸಿದರು. ಒಂದು ಹಾಳೆಯಲ್ಲಿ ಜ್ವರ ನೋಡುವ ಥರ್ಮಾಮೀಟರಿನ ಚಿತ್ರ. ಕೆಳಗೆ 0, ಅಂದರೆ ಸಂಕಟವೇ ಇಲ್ಲ. ಮೇಲೆ 10, ಅಂದರೆ ಇದಕ್ಕಿಂತ ಹೆಚ್ಚು ತಾಳಲಾರೆ. ಇವತ್ತೂ ಸೇರಿ ಕಳೆದ ಒಂದು ವಾರದಲ್ಲಿ ನಿಮ್ಮ ಸಂಕಟ ಎಷ್ಟಿತ್ತು, ಗುರುತು ಹಾಕಿ. ಇಷ್ಟೇ. ಇದಕ್ಕೆ ಡಿಸ್ಟ್ರೆಸ್ ಥರ್ಮಾಮೀಟರ್ ಅಂತ ಹೆಸರು, ನಾವು ಸಂಕಟದ ಮಾಪಕ ಅನ್ನೋಣ. 1998ರಲ್ಲಿ ಇದನ್ನು ಮೊದಲು ಪ್ರಕಟಿಸಿದ್ದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬಂದ ಗಂಡಸರಲ್ಲಿ ಮಾಡಿ ನೋಡಿ. ಮನಸ್ಸಿನ ಮಾತು ಬಾಯಿಬಿಡದ ಗಂಡಸರಿಂದಲೇ ಶುರುಮಾಡಿದ್ದು ಒಳ್ಳೆಯದೇ ಆಯಿತು! (ನಗು)

ಮಾಪಕದ ಪಕ್ಕದಲ್ಲಿ ಒಂದು ಪಟ್ಟಿ ಇರುತ್ತದೆ. ಹಣದ ಚಿಂತೆ, ಆಸ್ಪತ್ರೆಗೆ ಹೋಗಿ ಬರುವ ಕಷ್ಟ, ಮಕ್ಕಳನ್ನು ನೋಡಿಕೊಳ್ಳುವುದು, ಕೆಲಸ, ಗಂಡ ಹೆಂಡತಿ ನಡುವಿನ ಮಾತುಕತೆ, ಭಯ, ದುಃಖ, ನಿದ್ದೆ, ಊಟ, ಸುಸ್ತು, ದೇವರ ಮೇಲಿನ ನಂಬಿಕೆ ಅಲುಗಾಡಿದ್ದು, ಹೀಗೆ. ಯಾವುದು ಕಾಡುತ್ತಿದೆಯೋ ಅದಕ್ಕೆ ಗುರುತು. ನನಗೆ ಕೇಳಿದರೆ ಅಂಕಕ್ಕಿಂತ ಈ ಪಟ್ಟಿಯೇ ಹೆಚ್ಚು ಉಪಯೋಗದ್ದು. 7 ಅಂತ ಇಬ್ಬರು ಹೇಳಿರಬಹುದು, ಒಬ್ಬರದು ಸಾವಿನ ಭಯ, ಇನ್ನೊಬ್ಬರದು ಬಸ್ ಚಾರ್ಜು. ಇಬ್ಬರಿಗೂ ಒಂದೇ ಸಮಾಧಾನ ಹೇಳಿದರೆ ಏನು ಬಂತು?

ಸಾಮಾನ್ಯವಾಗಿ 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೂರಿಸಿ ಮಾತಾಡಬೇಕು ಅಂತ ಲೆಕ್ಕ. ಮಿದುಳಿನ ಗಡ್ಡೆಯವರಲ್ಲಿ ಈ ಗೆರೆ ಎಲ್ಲಿ ಎಳೆಯಬೇಕು ಅಂತ ಬೇರೆಯಾಗಿ ನೋಡಿದ್ದಾರೆ. 2011ರಲ್ಲಿ ಜರ್ಮನಿಯ ಸಂಶೋಧಕರು ಇವರಿಗೆ 6 ಹೆಚ್ಚು ಸರಿ ಅಂತ ಬರೆದರು. ಇದು ರೇಷನ್ ಕಾರ್ಡಿನ ಮಿತಿ ಇದ್ದ ಹಾಗಲ್ಲ, ಒಂದು ಅಂಕ ಕಡಿಮೆ ಬಂತು ಅಂತ ಹೊರಗೆ ಹಾಕುವುದಕ್ಕಲ್ಲ. ಇನ್ನೂ ಹೆಚ್ಚು ಕೇಳಬೇಕಾದ್ದು ಯಾರನ್ನು ಅಂತ ಗುರುತಿಸುವುದಕ್ಕೆ. ಅಂಕ ಬಂದ ತಕ್ಷಣ ಖಿನ್ನತೆ ಅಂತ ಹಣೆಪಟ್ಟಿ ಹಚ್ಚುವಂತೆಯೂ ಇಲ್ಲ.

ಇಲ್ಲಿ ಒಂದು ಕಷ್ಟ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇರೆ ಕಾಯಿಲೆಯಲ್ಲಿ ಕಾಯಿಲೆ ಒಂದು ಕಡೆ, ಅದರ ಚಿಂತೆ ಮಾಡುವ ಮನಸ್ಸು ಇನ್ನೊಂದು ಕಡೆ. ಮಿದುಳಿನ ಗಡ್ಡೆಯಲ್ಲಿ ಚಿಂತೆ ಮಾಡುವ ಜಾಗದಲ್ಲೇ ಕಾಯಿಲೆ ಕೂತಿರುತ್ತದೆ. ಹಾಗಾಗಿ ಮನುಷ್ಯ ಬದಲಾದದ್ದಕ್ಕೆ ಮೂರು ಕಾರಣ ಇರಬಹುದು: ಬಂದ ಕಷ್ಟಕ್ಕೆ ಆಗುವ ದುಃಖ, ಗಡ್ಡೆಯೇ ಮಿದುಳಿನ ಆ ಭಾಗವನ್ನು ಒತ್ತುವುದು, ಅಥವಾ ಕೊಡುತ್ತಿರುವ ಔಷಧಿ. ಹಲವು ಸಲ ಮೂರೂ ಸೇರಿರುತ್ತವೆ.

ನಮ್ಮಲ್ಲಿಗೆ ಬಂದಿದ್ದ ಒಬ್ಬ ಆಟೋ ಡ್ರೈವರ್ ಮನೆಯ ವಿಷಯ ಹೇಳುತ್ತೇನೆ. ಗಡ್ಡೆ ಇದ್ದದ್ದು ಹಣೆಯ ಹಿಂದಿನ ಭಾಗದಲ್ಲಿ. ಆಪರೇಷನ್ ಆಗಿ ಮನೆಗೆ ಹೋದ ಮೇಲೆ ಆತ ಬೆಳಗಿನಿಂದ ಸಂಜೆವರೆಗೆ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಸ್ನಾನ ಮಾಡು ಅಂದರೆ ಮಾಡುತ್ತಾನೆ, ಹೇಳದಿದ್ದರೆ ಇಲ್ಲ. ಮಗು ಬಿದ್ದು ಅತ್ತರೂ ತಿರುಗಿ ನೋಡುವುದಿಲ್ಲ. ಅತ್ತೆ "ಗಾಳಿ ಸೋಕಿದೆ, ತಾಯಿತ ಕಟ್ಟಿಸು" ಅಂದರು. ನೆರೆಯವರು "ಸೋಮಾರಿತನ, ಹೆಂಡತಿ ದುಡಿದು ಹಾಕ್ತಾಳಲ್ಲ" ಅಂದರು. ಆ ಹೆಂಡತಿಗೆ ಮಾತ್ರ "ನನ್ನ ಮೇಲೆ ಪ್ರೀತಿಯೇ ಹೋಯ್ತು" ಅಂತ ಎದೆ ಒಡೆದಿತ್ತು. ಮಾಪಕ ತೋರಿಸಿ ಆತನನ್ನೇ ಕೇಳಿದಾಗ ಆತ ಕೊಟ್ಟದ್ದು 2. ಬೇಸರ ಇದೆಯಾ ಅಂದರೆ ಇಲ್ಲ ಅಂದ, ಅಳು ಬರುತ್ತದಾ ಅಂದರೆ ಇಲ್ಲ ಅಂದ. ಸಾಯಬೇಕು ಅನ್ನಿಸುತ್ತದಾ ಅಂದರೂ ಇಲ್ಲ. ಮನೋವೈದ್ಯರು ಎರಡು ಸಲ ನೋಡಿ, ಇದು ಖಿನ್ನತೆಯಲ್ಲ, ತಾನಾಗಿ ಏನನ್ನಾದರೂ ಶುರು ಮಾಡುವ ಶಕ್ತಿಯನ್ನು ಮಿದುಳಿನ ಆ ಭಾಗ ಕಳೆದುಕೊಂಡಿದೆ ಅಂದರು. ಅದಕ್ಕೆ ಬೇಕಾದ್ದು ಬೇರೆ. ದಿನಚರಿ ಬರೆದು ಗೋಡೆಗೆ ಅಂಟಿಸುವುದು, ಹೊತ್ತು ಹೊತ್ತಿಗೆ "ಈಗ ಇದು ಮಾಡು" ಅಂತ ಒಂದೊಂದೇ ಕೆಲಸ ಹೇಳುವುದು. ಅದೇ ದಿನ ಆ ಹೆಂಡತಿಗೂ ಮಾಪಕ ಕೊಟ್ಟೆವು. ಅವಳ ಗುರುತು 9ರ ಮೇಲಿತ್ತು.

ಔಷಧಿಯ ವಿಷಯ. ಗಡ್ಡೆಯ ಸುತ್ತಲಿನ ಊತ ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಒಳ್ಳೆಯ ಔಷಧಿ, ತಲೆನೋವು ಬೇಗ ಇಳಿಸುತ್ತದೆ. ಆದರೆ ಕೆಲವರಿಗೆ ಅದರಿಂದ ನಿದ್ದೆ ಹೋಗುತ್ತದೆ, ವಿಪರೀತ ಹಸಿವಾಗುತ್ತದೆ, ಸಿಡುಕು ಬರುತ್ತದೆ, ಒಂದು ಗಳಿಗೆ ಉಲ್ಲಾಸ ಮರುಗಳಿಗೆ ಅಳು. ಫಿಟ್ಸ್ ತಡೆಯಲು ಕೊಡುವ ಲೆವೆಟಿರಾಸಿಟಾಮ್ ಮಾತ್ರೆಯಿಂದಲೂ ಕೆಲವರಲ್ಲಿ ಕೋಪ, ಮಂಕು ಬರುವುದುಂಟು. "ನಮ್ಮೆಜಮಾನ್ರು ಎಂದೂ ಕೈ ಎತ್ತಿದವರಲ್ಲ, ಈಗ ತಟ್ಟೆ ಎಸೀತಾರೆ" ಅಂತ ಹೇಳುವ ಹೆಂಗಸರನ್ನು ನಾನು ನೋಡುತ್ತಲೇ ಇರುತ್ತೇನೆ. ಅದನ್ನು ವೈದ್ಯರಿಗೆ ಹೇಳಬೇಕು, ಅವರು ಪ್ರಮಾಣ ಬದಲಿಸಬಹುದು, ಬೇರೆ ಮಾತ್ರೆ ಕೊಡಬಹುದು. ನೀವಾಗಿ ಮಾತ್ರ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಮೇಲೆ ಫಿಟ್ಸ್ ಬರಬಹುದು, ಸ್ಟೀರಾಯ್ಡ್ ಒಮ್ಮೆಲೇ ಬಿಟ್ಟರೂ ಅಪಾಯ.

ಈ ಗೊಂದಲದಿಂದ ಪ್ರಶ್ನೆಪಟ್ಟಿಗಳೂ ಮೋಸ ಹೋಗುತ್ತವೆ. ಖಿನ್ನತೆ ಗುರುತಿಸಲು ಪಿ.ಎಚ್.ಕ್ಯು.-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಬಹಳ ಕಡೆ ಬಳಸುತ್ತಾರೆ. ಅದರಲ್ಲಿ ನಿದ್ದೆ, ಸುಸ್ತು, ಊಟ, ಏಕಾಗ್ರತೆ, ನಿಧಾನಗತಿ, ಇಷ್ಟಕ್ಕೇ ಐದು ಪ್ರಶ್ನೆ ಹೋಯಿತು. ಗಡ್ಡೆ ಇರುವವರಿಗೆ ಖಿನ್ನತೆ ಇಲ್ಲದಿದ್ದರೂ ಈ ಐದೂ ಇರಬಹುದು. ಅದಕ್ಕೇ ಅನುಭವ ಇರುವ ವೈದ್ಯರು ಉಳಿದ ಪ್ರಶ್ನೆಗಳಿಗೆ ಹೆಚ್ಚು ಕಿವಿಗೊಡುತ್ತಾರೆ. ಯಾವುದರಲ್ಲೂ ಆಸೆ ಇಲ್ಲವೇ? ಮನಸ್ಸು ಕುಗ್ಗಿದೆಯೇ? ನಾನು ಎಲ್ಲರಿಗೂ ಭಾರ ಅನ್ನಿಸುತ್ತದೆಯೇ? ಸತ್ತರೆ ಒಳ್ಳೆಯದು ಅನ್ನಿಸುತ್ತದೆಯೇ? ಹೀಗೆ ಕೂರಿಸಿ ಮಾತಾಡಿ ನೋಡಿದಾಗ ಗ್ಲಿಯೋಮಾ ಇರುವವರಲ್ಲಿ ನೂರಕ್ಕೆ ಸುಮಾರು 15ರಿಂದ 20 ಜನರಲ್ಲಿ ನಿಜವಾದ ಖಿನ್ನತೆ ಕಾಣುತ್ತದೆ. ಅದು ಚಿಕಿತ್ಸೆ ಮಾಡಬಹುದಾದ ಕಾಯಿಲೆ. "ಇಂಥ ರೋಗ ಬಂದವರಿಗೆ ಬೇಜಾರು ಸಹಜ ತಾನೇ" ಅಂತ ಬಿಟ್ಟುಬಿಟ್ಟರೆ, ವಾಸಿಯಾಗಬಹುದಾದದ್ದನ್ನೂ ವಾಸಿ ಮಾಡದೆ ಬಿಟ್ಟ ಹಾಗೆ.

ಈಗ ನಿಮಗೊಂದು ಪ್ರಶ್ನೆ. ಮಾತೇ ಹೋದವರನ್ನು ಹೇಗೆ ಕೇಳುವುದು?

ಗಡ್ಡೆ ಎಡಭಾಗದಲ್ಲಿದ್ದರೆ ಹಲವರಿಗೆ ಮಾತು ಹೋಗುತ್ತದೆ. ಹೇಳಬೇಕಾದ್ದು ಒಳಗೆ ಇರುತ್ತದೆ, ಪದ ಬರುವುದಿಲ್ಲ. ಕೆಲವರಿಗೆ ಒಂದು ಪಕ್ಕದ ದೃಷ್ಟಿ ಇರುವುದಿಲ್ಲ, ಕಾಗದದ ಅರ್ಧ ಕಾಣುವುದೇ ಇಲ್ಲ. ಇಂಥವರ ಪರವಾಗಿ ಮನೆಯವರೇ ಉತ್ತರ ಹೇಳಿಬಿಡುತ್ತಾರೆ. ವಯಸ್ಸಾದ ಒಬ್ಬ ತಾಯಿಯನ್ನು ಮಗಳು ಕರಕೊಂಡು ಬಂದಿದ್ದಳು. ತುಂಬ ಚೆನ್ನಾಗಿ ನೋಡಿಕೊಳ್ಳುವ ಮಗಳು. ನಾನು ಅಮ್ಮನನ್ನು ಕೇಳಿದರೆ ಮಗಳೇ "ಅಮ್ಮ ಆರಾಮ್ ಇದ್ದಾರೆ ಮೇಡಂ, ಊಟ ಮಾಡ್ತಾರೆ, ನಿದ್ದೆ ಮಾಡ್ತಾರೆ" ಅಂತಾಳೆ. ನಾನು ಮೇಜಿನ ಮೇಲೆ ಹತ್ತು ಹುಣಸೆ ಬೀಜ ಇಟ್ಟೆ. "ಅಮ್ಮಾ, ಮನಸ್ಸಿಗೆ ಸಂಕಟವೇ ಇಲ್ಲದಿದ್ದರೆ ಎಲ್ಲಾ ಇಲ್ಲೇ ಇರಲಿ. ಸಂಕಟ ಇದ್ದಷ್ಟು ಬೀಜ ಈ ಕಡೆಗೆ ತಳ್ಳಿ" ಅಂದೆ. ಆ ತಾಯಿ ಎಡಗೈಯಿಂದ ಒಂದೊಂದಾಗಿ ಎಂಟು ಬೀಜ ತಳ್ಳಿದರು. ಮಗಳು ಬಿಳಿಚಿಕೊಂಡಳು. ಯಾವುದರ ಸಂಕಟ ಅಂತ ಪಟ್ಟಿಯ ಒಂದೊಂದೇ ವಿಷಯ ಹೆಸರಿಸುತ್ತಾ ಹೋದೆ. ಸಾವಿನ ಭಯ ಅಂದಾಗ ತಲೆ ಅಡ್ಡಡ್ಡ ಆಡಿಸಿದರು. ನೋವು ಅಂದಾಗಲೂ ಹಾಗೇ. ಹಣ ಅಂದ ಕೂಡಲೇ ಕೈ ಎತ್ತಿ ಮಗಳ ಕಿವಿ ಮುಟ್ಟಿದರು. ಮಗಳ ಓಲೆ ಅಡವಿಟ್ಟು ತನ್ನ ಆಪರೇಷನ್ ಆಗಿತ್ತು, ಅದು ಆ ತಾಯಿಗೆ ಗೊತ್ತಿತ್ತು. ಗೊತ್ತಿಲ್ಲ ಅಂತ ಮನೆಯವರೆಲ್ಲ ಅಂದುಕೊಂಡಿದ್ದರು.

ಬೀಜ ಇಡುವುದು ಪುಸ್ತಕದಲ್ಲಿ ಇರುವ ಪರೀಕ್ಷೆಯಲ್ಲ, ಮಾತು ಶುರು ಮಾಡಲು ನಾನು ಮಾಡಿಕೊಂಡ ದಾರಿ ಅಷ್ಟೇ. ಮನೆಯವರ ಮಾತು ಬೇಡ ಅಂತಲೂ ಅಲ್ಲ. ಹಣೆಯ ಭಾಗದ ಗಡ್ಡೆಯವರಿಗೆ ತಾವು ಬದಲಾದದ್ದೇ ಗೊತ್ತಾಗುವುದಿಲ್ಲ, ಅಲ್ಲಿ ಮನೆಯವರು ಹೇಳಲೇಬೇಕು. ಆದರೆ ಮನೆಯವರನ್ನು ಕೇಳುವುದು ರೋಗಿಯನ್ನು ಕೇಳಿದ ಮೇಲೆ. ಮಾಪಕವನ್ನು ಕಾಣುವ ಪಕ್ಕಕ್ಕೆ, ನೆಟ್ಟಗೆ ಹಿಡಿಯಬೇಕು. ಬೆರಳು ತೋರಿಸಿದರೂ ಸಾಕು, ಕಣ್ಣು ಮಿಟುಕಿಸಿದರೂ ಸಾಕು. ಒಂದೊಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಬೇಕು. ನಾವು ಹೆಂಗಸರಿಗೆ ಕಾಯುವುದು ಸ್ವಲ್ಪ ಕಷ್ಟ, ಮಧ್ಯದಲ್ಲಿ ಬಾಯಿ ಹಾಕಿಬಿಡುತ್ತೇವೆ. (ನಗು)

ಒಂದು ಸಲ ಕೇಳಿದರೆ ಆಗಲಿಲ್ಲ. ಗಡ್ಡೆ ಅಂತ ಗೊತ್ತಾದಾಗ ಒಂದು ಸಂಕಟ, ಆಪರೇಷನ್ ಆಗಿ ಬಯಾಪ್ಸಿ ವರದಿ ಬಂದಾಗ ಇನ್ನೊಂದು. ಆಮೇಲೆ ವಿಕಿರಣ ಚಿಕಿತ್ಸೆ, ನಮ್ಮ ಜನ "ಕರೆಂಟು ಕೊಡೋದು" ಅಂತಾರಲ್ಲ ಅದು. (ಹೆದರಬೇಡಿ, ಅದು ಶಾಕ್ ಕೊಡುವುದಲ್ಲ, ನೋವೂ ಇರುವುದಿಲ್ಲ.) ಗ್ಲಿಯೋಬ್ಲಾಸ್ಟೋಮಾದಂಥ ಗಡ್ಡೆಗೆ ಅದು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ವಾರ ನಡೆಯುತ್ತದೆ. ಆ ಆರು ವಾರ ದಿನಾ ನರ್ಸು, ಡಾಕ್ಟರು, ಜೊತೆ ರೋಗಿಗಳು ಇರುತ್ತಾರೆ. ಮುಗಿದು ಊರಿಗೆ ಬಂದ ಮೇಲೆ ಯಾರೂ ಇರುವುದಿಲ್ಲ. ಊರಿನವರು "ಎಲ್ಲಾ ಮುಗೀತಲ್ಲ, ಇನ್ನೇನು" ಅಂತಾರೆ. ಆದರೆ ಸುಸ್ತು ಆಗಲೇ ಜಾಸ್ತಿ, ಮುಂದಿನ ಸ್ಕ್ಯಾನಿನ ಭಯ ಆಗಲೇ ಶುರು. ನನ್ನ ಅನುಭವದಲ್ಲಿ ರೋಗಿಗೂ ಮನೆಯವರಿಗೂ ಅತ್ಯಂತ ಕಷ್ಟದ ತಿಂಗಳುಗಳು ಅವೇ. ಸಂಘದವರು ಕಣ್ಣಿಗೆ ಬೀಳಬೇಕಾದ್ದೂ ಆಗಲೇ. ಕ್ಯಾನ್ಸರ್ ಅಲ್ಲದ ಗಡ್ಡೆಯವರನ್ನೂ ಮರೆಯಬೇಡಿ. "ನಿಂದು ಒಳ್ಳೇ ಗಡ್ಡೆ, ಪುಣ್ಯವಂತೆ" ಅಂದುಬಿಟ್ಟರೆ, ಫಿಟ್ಸ್‌ಗೆ ಹೆದರಿ ಒಲೆ ಮುಂದೆ ಒಬ್ಬಳೇ ಕೂರಲಾರದ ಹೆಂಗಸು ಆ ಭಯವನ್ನು ಯಾರ ಹತ್ತಿರ ಹೇಳಬೇಕು?

ಇನ್ನು ಸಾವಿನ ಮಾತು. "ಸಾಯಬೇಕು ಅನ್ನಿಸುತ್ತದಾ?" ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಎಲ್ಲರಿಗೂ ಹೆದರಿಕೆ. ಹಾಗಾಗುವುದಿಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಅಂತ ಅಧ್ಯಯನಗಳೇ ಹೇಳಿವೆ. ಇದ್ದವರಿಗೆ ಹೇಳಿಕೊಳ್ಳಲು ಒಂದು ಬಾಗಿಲು ತೆರೆದಂತಾಗುತ್ತದೆ. ಹೌದು ಅಂದರೆ ಬೈಯಬೇಡಿ, ಉಪದೇಶ ಮಾಡಬೇಡಿ, ಆಣೆ ಹಾಕಿಸಬೇಡಿ. ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಬೆಳೆಗೆ ಹೊಡೆಯುವ ಔಷಧಿ, ಮಾತ್ರೆಯ ಡಬ್ಬ ಕೈಗೆ ಸಿಗದಂತೆ ಬೀಗ ಹಾಕಿ. ಅದೇ ದಿನ ವೈದ್ಯರಿಗೆ ತಿಳಿಸಿ. ರಾತ್ರಿಯಾಗಿದ್ದರೆ 14416 ಸಂಖ್ಯೆಗೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರೋಗಿಯೇ ಮಾಡಬೇಕು ಅಂತಿಲ್ಲ, ನೋಡಿಕೊಳ್ಳುವವರು ತಮಗಾಗಿಯೂ ಮಾಡಬಹುದು. ನಿಮ್ಮ ಸಂಘದ ನಿರ್ಣಯ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಈ ನಂಬರ್ ಈಗಲೇ ಬರೆದುಕೊಳ್ಳಿ. (ಸದಸ್ಯೆಯರು ಬರೆದುಕೊಂಡರು.)

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಆದದ್ದು. ಅಲ್ಲಿ ಮಿದುಳಿನ ಆಪರೇಷನ್ ವಿಭಾಗವೂ ಮನೋವೈದ್ಯ ವಿಭಾಗವೂ ಒಂದೇ ಸಂಸ್ಥೆಯಲ್ಲಿವೆ, ಇಂಥ ರೋಗಿಗಳಿಗೆ ಅದು ದೊಡ್ಡ ಅನುಕೂಲ. ಕ್ಯಾನ್ಸರ್ ಆಗಿದ್ದರೆ ಅದೇ ಊರಿನ ಕಿದ್ವಾಯಿ ಸಂಸ್ಥೆ ಇದೆ. ಪ್ರತಿ ಸಲ ಬೆಂಗಳೂರಿಗೇ ಓಡಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ ಮಾದರಿ, 1996ರಲ್ಲಿ ಅದನ್ನೇ ದೇಶಕ್ಕೆ ತಂದರು. ಅದರ ಮನೋವೈದ್ಯರನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಹೋಗುವಾಗ ಗಡ್ಡೆಯ ಫೈಲ್, ಮಾತ್ರೆಯ ಚೀಟಿ ತಪ್ಪದೆ ಒಯ್ಯಿರಿ, ಯಾಕೆಂದರೆ ಮನಸ್ಸಿನ ಔಷಧಿ ಕೊಡುವ ಮುಂಚೆ ಫಿಟ್ಸ್ ಮಾತ್ರೆ ಯಾವುದು ಅಂತ ಅವರಿಗೆ ಗೊತ್ತಾಗಬೇಕು.

ಅಳತೆ ತೆಗೆದು ಫೈಲಿನಲ್ಲಿಟ್ಟರೆ ಯಾರಿಗೂ ಉಪಕಾರ ಆಗುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ಕೆಲವು ಕಡೆ ರೋಗಿಯ ಕೈಗೆ ಹಾಳೆ ಕೊಟ್ಟು, ಗುರುತು ಹಾಕಿಸಿಕೊಂಡು, ಅಲ್ಲಿಗೇ ಮುಗಿಸುತ್ತಾರೆ. ಹಾಗೆ ಮಾಡುವುದಕ್ಕಿಂತ ಕೇಳದಿರುವುದೇ ವಾಸಿ ಅಂತ ನನಗೆ ಅನ್ನಿಸುತ್ತದೆ. 8 ಅಂತ ಬರೆದುಕೊಟ್ಟವರು ಯಾರಾದರೂ ಬರುತ್ತಾರೆ ಅಂತ ಕಾಯುತ್ತಿರುತ್ತಾರೆ. ಹಾಗೆಯೇ ಹೆಚ್ಚು ಅಂಕ ಬಂದವರೆಲ್ಲ ಸಹಾಯ ಬೇಕು ಅನ್ನುವುದಿಲ್ಲ. "ಈಗ ಬೇಡ" ಅಂದರೆ ಗೌರವದಿಂದ ಒಪ್ಪಿಕೊಂಡು, ಇನ್ನೊಂದು ದಿನ ಮತ್ತೆ ಕೇಳಬೇಕು.

ಸಂಘ ಏನು ಮಾಡಬಹುದು ಅಂತ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆ ಆಟೋ ಡ್ರೈವರ್ ಹೆಂಡತಿಯ ಸಂಘದವರು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಫಿಟ್ಸ್ ಬಂದವರು ಗಾಡಿ ಓಡಿಸುವ ಹಾಗಿಲ್ಲ ಅಂತ ವೈದ್ಯರು ಹೇಳಿದ್ದರಿಂದ ಮನೆಯ ಆದಾಯ ನಿಂತಿತ್ತು. ಸಂಘದವರು ಸಭೆ ಕರೆದು, ಆರು ತಿಂಗಳು ಬಡ್ಡಿ ಮಾತ್ರ ಕಟ್ಟಲಿ, ಅಸಲು ಆಮೇಲೆ ಅಂತ ನಿರ್ಣಯ ಬರೆದರು. ನಿರ್ಣಯ ಬರೆಯುವಾಗ ಅವಳನ್ನು ಎದುರಿಗೇ ಕೂರಿಸಿಕೊಂಡರು, ಹಿಂದಿನಿಂದ ಮಾಡಲಿಲ್ಲ. ಮಂಗಳವಾರ ಒಬ್ಬರು, ಶುಕ್ರವಾರ ಇನ್ನೊಬ್ಬರು ಎರಡು ಗಂಟೆ ಆ ಮನೆಯಲ್ಲಿ ಕೂರುವುದು, ಅಷ್ಟು ಹೊತ್ತು ಅವಳು ಮಲಗುವುದು. ಮಲಗುವುದಕ್ಕೇ ಅಂತ ಬರೆದಿದ್ದರು ಪುಸ್ತಕದಲ್ಲಿ! ಎರಡು ತಿಂಗಳ ನಂತರ ಅವಳ ಗುರುತು 9ರಿಂದ 5ಕ್ಕೆ ಇಳಿದಿತ್ತು. ಗಂಡ ಹಾಗೇ ಇದ್ದ.

ಭಾಷಣದ ನಂತರ ಸದಸ್ಯೆಯರು ಕೇಳಿದ ಕೆಲವು ಪ್ರಶ್ನೆಗಳು

ಮೊಬೈಲಿನಿಂದ ಗಡ್ಡೆ ಬರುತ್ತದೆಯೇ ಮೇಡಂ?

ಮೊಬೈಲಿನಿಂದ ಬರುತ್ತದೆ ಅಂತ ಇದುವರೆಗೆ ಸಾಬೀತಾಗಿಲ್ಲ. ತಲೆಗೆ ಹಿಂದೆಂದೋ ಹೆಚ್ಚಿನ ವಿಕಿರಣ ಕೊಟ್ಟಿದ್ದರೆ, ಇಲ್ಲವೇ ವಂಶದಲ್ಲಿ ಬರುವ ಕೆಲವು ಅಪರೂಪದ ಕಾಯಿಲೆ ಇದ್ದರೆ ಬರುವ ಸಾಧ್ಯತೆ ಹೆಚ್ಚು. ಬಹುಪಾಲು ಜನರಲ್ಲಿ ಕಾರಣ ಸಿಗುವುದಿಲ್ಲ. ಈ ಪ್ರಶ್ನೆಯನ್ನು ರೋಗಿಯ ಮುಂದೆ ಕೇಳಬೇಡಿ. "ನಾನೇನು ಪಾಪ ಮಾಡಿದ್ದೆ" ಅಂತ ಅವರು ಆಗಲೇ ಸಾವಿರ ಸಲ ಲೆಕ್ಕ ಹಾಕಿರುತ್ತಾರೆ.

ನಾವೇ ಮನೆಗೆ ಹೋಗಿ ಈ ಮಾಪಕ ತೋರಿಸಿ ಅಂಕ ಹಾಕಬಹುದೇ?

ಕೇಳಬಹುದು, ತೀರ್ಮಾನ ಮಾಡಬಾರದು. "ಅಕ್ಕಾ, ಈ ವಾರ ಮನಸ್ಸಿನ ಭಾರ ಹತ್ತರಲ್ಲಿ ಎಷ್ಟಿತ್ತು?" ಅಂತ ನೆಂಟರ ಹಾಗೆ ಕೇಳಿ. ಬಂದ ಅಂಕವನ್ನು ಸಭೆಯಲ್ಲಿ ಹೇಳಬೇಡಿ, ಬಾವಿಕಟ್ಟೆಯಲ್ಲಂತೂ ಬೇಡವೇ ಬೇಡ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಿಗೆ ಎರಡು ನಿಮಿಷವೂ ಪುರುಸೊತ್ತು ಇರೋದಿಲ್ಲ. ಇದನ್ನೆಲ್ಲ ಯಾರಿಗೆ ಹೇಳೋದು?

ಮಾತಾಡಲು ಹೋದರೆ ಗಾಬರಿಯಲ್ಲಿ ಎಲ್ಲಾ ಮರೆತುಹೋಗುತ್ತದೆ. ಒಂದು ಚೀಟಿ ಬರೆದುಕೊಂಡು ಹೋಗಿ, ನಾಲ್ಕು ಸಾಲು ಸಾಕು. ಈ ವಾರ ರೋಗಿ ತಾನೇ ಹೇಳಿದ ಅಂಕ ಎಷ್ಟು. ಮುಂಚೆ ಹೇಗಿದ್ದರು, ಈಗ ಏನು ಬದಲಾಗಿದೆ, ಯಾವಾಗಿನಿಂದ. ಯಾವ ಮಾತ್ರೆ ಶುರುವಾದ ಮೇಲೆ. ಸಾಯುವ ಮಾತು ಆಡಿದ್ದಾರೋ ಇಲ್ಲವೋ. ಆ ಚೀಟಿಯನ್ನು ಫೈಲಿನ ಮೇಲೆಯೇ ಪಿನ್ ಮಾಡಿ ಕೊಡಿ, ಡಾಕ್ಟರು ನೋಡದೆ ಇರಲಾರರು. ಹೊರಗೆ ಬಂದು "ಸೋಷಿಯಲ್ ವರ್ಕರ್ ಎಲ್ಲಿ ಕೂರ್ತಾರೆ?" ಅಂತ ನರ್ಸನ್ನು ಕೇಳಿ. ದೊಡ್ಡ ಆಸ್ಪತ್ರೆಗಳಲ್ಲಿ ನಮ್ಮಂಥವರು ಇರುತ್ತೇವೆ, ಮೂಲೆಯ ಕೊಠಡಿಯಲ್ಲಿ. ಬೆಳಿಗ್ಗೆ ಹತ್ತಕ್ಕಿಂತ ಮುಂಚೆ ಬಂದರೆ ಸಾಲು ಕಡಿಮೆ.